ಬೆರಳಿಗೆ ಸಿಕ್ಕ ಕರ್ನಾಟಕ

ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದ್ದು ಒಂದು ಭಾನುವಾರ ಬೆಳಗ್ಗೆ. "ಲೋ, ನಿನ್ ಕಂಪ್ಯೂಟರಲ್ಲಿ ಮ್ಯಾಪನ್ನ ಉಬ್ಬಿಸೋಕೆ ಆಗುತ್ತಾ?" ಅಂತ ಕೇಳಿದಳು.

ಅವಳ ಮಗಳು ಪುಟ್ಟಿ ಆರನೇ ಕ್ಲಾಸು. ಹುಟ್ಟಿನಿಂದ ಕಣ್ಣು ಕಾಣಿಸಲ್ಲ. ಬ್ರೈಲ್ ಸರಸರ ಓದ್ತಾಳೆ, ಮಗ್ಗಿಯಲ್ಲಿ ನನ್ನನ್ನೇ ಸೋಲಿಸ್ತಾಳೆ. ಆದರೆ ಸಮಾಜ ವಿಜ್ಞಾನದ ಪಿರಿಯಡ್‌ನಲ್ಲಿ ಮ್ಯಾಪ್ ಬಂದ ದಿನ ಅವಳಿಗೆ ಕೆಲಸ ಇರಲ್ಲ. ಪರೀಕ್ಷೆಯಲ್ಲಿ ಮ್ಯಾಪ್ ಬದಲು ಬೇರೆ ಪ್ರಶ್ನೆ ಕೊಡ್ತಾರೆ, ಆದ್ದರಿಂದ ಚಿಂತೆ ಬೇಡ ಅಂತ ಅಕ್ಕನಿಗೆ ಎಲ್ಲರೂ ಹೇಳಿದ್ದರು. ಪುಟ್ಟಿ ಹೇಳಿದ್ದು ಬೇರೆ: "ಎಲ್ರೂ ಮ್ಯಾಪ್ ತೆಗೀರಿ ಅಂದಾಗ ನಾನು ಸುಮ್ನೆ ಕೂತಿರ್ತೀನಿ ಮಾಮ."

ನಾನು ದಿನವಿಡೀ ಕೋಡ್ ಬರೆಯೋನು. ಇದೇನು ಮಹಾ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಒಂದೂವರೆ ತಿಂಗಳು ಹಿಡೀತು.

ಮೊದಲಿಗೆ ಚಪ್ಪಟೆ ಚಿತ್ರ ಉಬ್ಬುವುದು ಹೇಗೆ ಅಂತ ಹೇಳ್ತೀನಿ. ಎಸ್‌ವಿಜಿ ಅಂದರೆ ವೆಕ್ಟರ್ ಚಿತ್ರ. ಫೋಟೋದಲ್ಲಿ ಇರೋ ಹಾಗೆ ಅದರಲ್ಲಿ ಬಣ್ಣದ ಚೌಕಗಳಿಲ್ಲ. ಈ ಬಿಂದುವಿನಿಂದ ಆ ಬಿಂದುವಿಗೆ ಹೀಗೆ ಬಾಗಿದ ಗೆರೆ ಎಳಿ ಅನ್ನೋ ಲೆಕ್ಕ ಮಾತ್ರ ಇರುತ್ತೆ. ಆ ಗೆರೆಗೆ ಎತ್ತರ ಅನ್ನೋ ಇನ್ನೊಂದು ಅಂಕಿ ಕೊಟ್ಟರೆ ಗೋಡೆ ಎದ್ದು ನಿಲ್ಲುತ್ತೆ. ಇದನ್ನ ಎಕ್ಸ್‌ಟ್ರೂಡ್ ಅಂತಾರೆ. ಚಕ್ಕುಲಿ ಒರಳಿನ ಬಿಲ್ಲೆಯಲ್ಲಿ ಇರೋದು ಬರೀ ನಕ್ಷತ್ರದ ಆಕಾರದ ತೂತು, ಒತ್ತಿದಾಗ ಹಿಟ್ಟು ಅದೇ ಆಕಾರದಲ್ಲಿ ಉದ್ದಕ್ಕೆ ಬರಲ್ವಾ, ಹಾಗೆ.

ಮುಕ್ತವಾಗಿ ಬಳಸಬಹುದಾದ ಕರ್ನಾಟಕದ ನಕ್ಷೆಯೊಂದನ್ನ ಇಳಿಸಿಕೊಂಡು ಇಂಕ್‌ಸ್ಕೇಪ್‌ನಲ್ಲಿ ತೆರೆದೆ. ಅಲ್ಲಿಂದ ಬ್ಲೆಂಡರ್‌ಗೆ ತಂದೆ. ಎರಡೂ ಉಚಿತ. ಬ್ಲೆಂಡರ್‌ನಲ್ಲಿ ನೋಡಿದರೆ ಪರದೆ ಖಾಲಿ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು, ಬ್ಲೆಂಡರ್ ಲೆಕ್ಕ ಹಾಕೋದು ಮೀಟರ್‌ನಲ್ಲಿ. ಎರಡು ಮೀಟರ್ ಡಬ್ಬದ ಪಕ್ಕ ನನ್ನ 20 ಸೆಂಟಿಮೀಟರ್ ಕರ್ನಾಟಕ ಸಾಸಿವೆ ಥರ ಬಿದ್ದಿತ್ತು. ಗೆರೆಗಳ ದಪ್ಪ ಕೂಡ ಮಾಯ. ಇಂಕ್‌ಸ್ಕೇಪ್‌ನಲ್ಲೇ 'ಸ್ಟ್ರೋಕ್ ಟು ಪಾತ್' ಒತ್ತಿ, ಗೆರೆಯನ್ನ ಆಕಾರವಾಗಿ ಬದಲಾಯಿಸಿದ ಮೇಲೆಯೇ ಅದು ಉಬ್ಬಿದ್ದು. 1 ಮಿಲಿಮೀಟರ್ ಎತ್ತರ ಕೊಟ್ಟರೆ 2 ಬಂತು, ಯಾಕಂದ್ರೆ ಬ್ಲೆಂಡರ್ ಗೆರೆಯನ್ನ ಮೇಲಕ್ಕೂ ಕೆಳಕ್ಕೂ ಉಬ್ಬಿಸುತ್ತೆ. ಕೊನೆಗೆ ಎಸ್‌ಟಿಎಲ್ ಫೈಲ್ ಮಾಡಿದೆ. ಅದರಲ್ಲಿ ಅಳತೆಯ ಮಾನವೇ ಇರಲ್ಲ. ಮೀಟರ್‌ನಲ್ಲಿ ಕಳಿಸಿದ್ದನ್ನ ಪ್ರಿಂಟರ್‌ನ ತಂತ್ರಾಂಶ ಮಿಲಿಮೀಟರ್ ಅಂದುಕೊಳ್ತು. 1000 ಪಟ್ಟು ಹಿಗ್ಗಿಸಿ ಕಳಿಸಬೇಕಾಯ್ತು.

ಗೆಳೆಯನ ಪ್ರಿಂಟರ್‌ನಲ್ಲಿ ರಾತ್ರಿಯಿಡೀ ಪ್ರಿಂಟ್ ಆಯ್ತು. 31 ಜಿಲ್ಲೆ, ಎಲ್ಲ ಗಡಿ, ಮೂರು ನದಿ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಆಫೀಸಿನ ಗ್ರೂಪ್‌ಗೆ ಫೋಟೋ ಹಾಕಿ ಲೈಕ್ ಗಿಟ್ಟಿಸಿಕೊಂಡೆ.

ಶಿವಮೊಗ್ಗಕ್ಕೆ ತಗೊಂಡು ಹೋಗಿ ಪುಟ್ಟಿ ಕೈಗೆ ಕೊಟ್ಟೆ. ಹತ್ತೂ ಬೆರಳು ಅದರ ಮೇಲೆ ಓಡಾಡಿದವು. ಸ್ವಲ್ಪ ಹೊತ್ತಾದ ಮೇಲೆ, "ಮಾಮ, ಹಪ್ಪಳದ ಥರ ಇದೆ" ಅಂದಳು. ಅದನ್ನ ತಲೆಕೆಳಗಾಗಿ ಹಿಡಿದುಕೊಂಡಿದ್ದಳು. ಬೀದರ್ ಕೆಳಗೆ, ಚಾಮರಾಜನಗರ ಮೇಲೆ.

ಅಕ್ಕ ನನ್ನ ಮುಖ ನೋಡಿ, "ಚೆನ್ನಾಗಿದೆ ಕಣೋ" ಅಂದಳು. ಪುಟ್ಟಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಯಾವ್ ಗೆರೆ ನದಿ, ಯಾವ್ ಗೆರೆ ಜಿಲ್ಲೆ? ಎಲ್ಲ ಒಂದೇ ಥರ ಇದೆ. ಸಮುದ್ರ ಎಲ್ಲಿ?"

ಉತ್ತರ ಇರಲಿಲ್ಲ. ನಾನು ಮ್ಯಾಪ್ ಮಾಡಿದ್ದು ನನ್ನ ಕಣ್ಣಿಗೆ. ನನಗೆ ಬಣ್ಣ ಇದೆ, ಅಕ್ಷರ ಇದೆ, ಒಂದೇ ನೋಟಕ್ಕೆ ಇಡೀ ಆಕಾರ ಸಿಗುತ್ತೆ. ಅವಳಿಗೆ ಒಂದು ಸಲಕ್ಕೆ ಸಿಗೋದು ಬೆರಳ ತುದಿಯಷ್ಟು ಜಾಗ. ಆ ಅಳತೆಯಲ್ಲಿ ಇಡೀ ಬೆಂಗಳೂರು ನಗರ ಜಿಲ್ಲೆ ಅವಳ ಒಂದು ಬೆರಳಿನಡಿ ಮುಚ್ಚಿಹೋಗಿತ್ತು.

ಮತ್ತೆ ಶುರು. ಈ ಸಲ ಪುಟ್ಟಿಯೇ ಬಾಸು. ಪ್ರತಿ ಶನಿವಾರ ವಾಟ್ಸಾಪ್ ಕಾಲ್‌ನಲ್ಲಿ ಅಪ್ಪಣೆ ಬರ್ತಿತ್ತು.

ಒಂದು ಮ್ಯಾಪ್ ಬದಲು ಮೂರು ಹಲಗೆ ಮಾಡಿದೆ. ಮೊದಲನೆಯದರಲ್ಲಿ ರಾಜ್ಯದ ಗಡಿ ಮತ್ತು ಸಮುದ್ರ ಮಾತ್ರ. ಎರಡನೆಯದರಲ್ಲಿ ನದಿ, ಮೂರನೆಯದರಲ್ಲಿ ಬೆಟ್ಟ. ಮೂರಕ್ಕೂ ಮೇಲಿನ ಬಲ ಮೂಲೆ ಕತ್ತರಿಸಿದೆ, ಮುಟ್ಟಿದ ಕೂಡಲೇ ಯಾವ ಕಡೆ ಮೇಲೆ ಅಂತ ಗೊತ್ತಾಗಲಿ ಅಂತ. ಗಡಿಯ ಅಂಕುಡೊಂಕನ್ನ 'ಸಿಂಪ್ಲಿಫೈ' ಒತ್ತಿ ಕಡಿಮೆ ಮಾಡಿದೆ. ಸಮುದ್ರಕ್ಕೆ ಪುಟ್ಟ ಪುಟ್ಟ ಚುಕ್ಕಿ ತುಂಬಿದೆ. ನದಿ ತಗ್ಗಲ್ಲಿ ಹರಿಯುತ್ತೆ ಅಂತ ಕಾಲುವೆ ಕೊರೆದಿದ್ದೆ. ಬೆರಳಿಗೆ ಅದು ಸಿಗ್ತಾನೇ ಇಲ್ಲ ಅಂದಳು. ಉಬ್ಬು ಗೆರೆ ಮಾಡಿದ ಮೇಲೆ ಸರಿಹೋಯ್ತು. ನಾನು ಪ್ರಿಂಟ್ ಮಾಡಿದ ಬ್ರೈಲ್ ಅಕ್ಷರ ಚುಚ್ಚುತ್ತೆ ಅಂತ ಬೈದು, ತನ್ನ ಸ್ಲೇಟು ಕಡ್ಡಿ ತಗೊಂಡು ಹೆಸರುಗಳನ್ನ ತಾನೇ ಬರೆದು ಅಂಟಿಸಿಕೊಂಡಳು.

ಬೆಟ್ಟದ ಹಲಗೆಯಲ್ಲಿ ಒಂದು ಲೆಕ್ಕ ಸಿಕ್ಕಿತು. ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್. ಅದನ್ನ 20 ಸೆಂಟಿಮೀಟರ್‌ಗೆ ಇಳಿಸಿದರೆ, ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್, ಎಷ್ಟಾಗುತ್ತೆ ಗೊತ್ತಾ? ಅರ್ಧ ಮಿಲಿಮೀಟರ್. ಒಂದು ಬ್ರೈಲ್ ಚುಕ್ಕಿಯ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಎತ್ತರವನ್ನ ಹತ್ತು ಪಟ್ಟು ಹೆಚ್ಚಿಸಿದೆ. ಪ್ರತಿ 500 ಮೀಟರ್‌ಗೆ ಒಂದು ಆಕಾರ ಬರೆದು, ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಕೂರಿಸಿದೆ.

ಹೊಸ ಹಲಗೆ ತಗೊಂಡು ಹೋದ ದಿನ ನಾನು ಸುಮ್ಮನೆ ಪಕ್ಕದಲ್ಲಿ ಕೂತೆ. ಪುಟ್ಟಿ ಕತ್ತರಿಸಿದ ಮೂಲೆ ಹುಡುಕಿ ಸರಿಯಾಗಿ ಇಟ್ಟುಕೊಂಡಳು. ಸಮುದ್ರ ಸಿಕ್ಕಿತು. ನದಿ ಹಲಗೆಯಲ್ಲಿ ತುಂಗೆಯ ಹುಟ್ಟಿನ ಮೇಲೆ ಒಂದು ಬೆರಳು, ಸಮುದ್ರದ ಮೇಲೆ ಇನ್ನೊಂದು.

"ಮಾಮ, ಸಮುದ್ರ ಇಲ್ಲೇ ಪಕ್ಕದಲ್ಲಿದೆ. ಎರಡು ಬೆರಳೂ ಇಲ್ಲ. ಮತ್ತೆ ನಮ್ ತುಂಗೆ ಯಾಕೆ ಆ ಕಡೆ ಹೋಗ್ತಾಳೆ?"

ನಾನು ಓದಿದ್ದೂ ಇದೇ ಮ್ಯಾಪು. ತುಂಗೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಭದ್ರೆ ಜೊತೆ ಸೇರಿ, ಆಮೇಲೆ ಕೃಷ್ಣೆಗೆ ಸೇರುತ್ತೆ ಅಂತ ಬಾಯಿಪಾಠ ಮಾಡಿದ್ದೆ. ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ. ಮಾತಾಡದೆ ಬೆಟ್ಟದ ಹಲಗೆಯನ್ನ ಅವಳ ಮುಂದೆ ಸರಿಸಿದೆ.

ಸಮುದ್ರದಿಂದ ಹೊರಟ ಬೆರಳು ಘಟ್ಟಕ್ಕೆ ಡಿಕ್ಕಿ ಹೊಡೀತು. ಹತ್ತಿತು. ಆಚೆ ಕಡೆ ಹೋದರೆ ಸಪಾಟು, ರಾಯಚೂರಿನ ಕಡೆ ಹೋಗ್ತಾ ಒಂದು ಮೆಟ್ಟಿಲು ಇಳಿಯಿತು.

"ಓ! ಗೋಡೆ ಇದೆ. ಆ ಕಡೆ ಇಳಿಜಾರು" ಅಂದಳು. ಸ್ವಲ್ಪ ಯೋಚಿಸಿ, "ಶರಾವತಿ ಮಾತ್ರ ಈ ಕಡೆ ಬರ್ತಾಳಲ್ಲ, ಅವಳು ಹೆಂಗೆ ಇಳೀತಾಳೆ?"

"ಜೋಗಕ್ಕೆ ಹೋಗಿದ್ಯಲ್ಲ" ಅಂದೆ.

"ಅದಕ್ಕೇನಾ ಅಷ್ಟು ಸದ್ದು?"

ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಒಳಗೆ ಒಗ್ಗರಣೆ ಸೀದು ಹೋಗ್ತಿತ್ತು. ಯಾರೂ ಅತ್ತ ಹೋಗಲಿಲ್ಲ.

ನಿಮ್ಮಲ್ಲೂ ಎಷ್ಟೋ ಜನ ಡಿಸೈನ್ ತಂತ್ರಾಂಶ ಬಲ್ಲವರಿದ್ದೀರಿ. ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬ್ರೌಸರ್‌ನಲ್ಲೇ ತೆರೆಯೋ ಟಿಂಕರ್‌ಕ್ಯಾಡ್‌ಗೆ ಎಸ್‌ವಿಜಿ ಹಾಕಿದರೆ ಅದೇ ಉಬ್ಬಿಸಿ ಕೊಡುತ್ತೆ. ಹೃದಯದ ಚಿತ್ರ, ಹೂವಿನ ಭಾಗ, ರೇಖಾಗಣಿತದ ಆಕೃತಿ, ಪಠ್ಯಪುಸ್ತಕದಲ್ಲಿ ಉಬ್ಬಿಸಬೇಕಾದ ಚಿತ್ರ ಬೇಕಾದಷ್ಟಿವೆ. ಒಂದೇ ಮಾತು: ಮೊದಲ ಪ್ರಿಂಟನ್ನ ಗ್ರೂಪಿಗೆ ಹಾಕಬೇಡಿ. ಯಾರಿಗಾಗಿ ಮಾಡಿದಿರೋ ಅವರ ಕೈಗೆ ಕೊಡಿ. ಹಪ್ಪಳ ಅಂದರೆ ಬೇಜಾರು ಮಾಡಿಕೊಳ್ಳದೆ ಮತ್ತೆ ಕೂತ್ಕೊಳ್ಳಿ.

ಮೊನ್ನೆ ಪುಟ್ಟಿ ಮೂರೂ ಹಲಗೆಯನ್ನ ಸ್ಕೂಲಿಗೆ ತಗೊಂಡು ಹೋಗಿದ್ದಳಂತೆ. ಕಣ್ಣು ಕಾಣೋ ಮಕ್ಕಳೂ ಮುಟ್ಟೋಕೆ ಸಾಲು ನಿಂತರಂತೆ. ರಾತ್ರಿ ಫೋನ್ ಬಂತು.

"ಮಾಮ, ಮುಂದಿನ ಪಾಠ ಇಂಡಿಯಾ. ಹಿಮಾಲಯ ಎಷ್ಟು ದಪ್ಪ ಬರುತ್ತೆ?"

ಲೆಕ್ಕ ಹಾಕ್ತಾ ಕೂತಿದ್ದೀನಿ.