ವೈದ್ಯಕೀಯ ಪ್ರಯೋಗ: ಹೆದರಿಕೆಯೂ ಬೇಡ, ಕುರುಡು ನಂಬಿಕೆಯೂ ಬೇಡ



ಕಳೆದ ಕೊಯ್ಲಿನ ಕಾಲದಲ್ಲಿ ಮಳವಳ್ಳಿ ಕಡೆಯ ನಮ್ಮ ಸದಸ್ಯರೊಬ್ಬರು ಅಡಿಕೆ ತೂಕ ಹಾಕಿಸಿ ಹೊರಡುವಾಗ, ಜೇಬಿನಲ್ಲಿ ಮಡಿಸಿಟ್ಟಿದ್ದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಅಣ್ಣ, ದೊಡ್ಡಾಸ್ಪತ್ರೇಲಿ ಇದ ಕೊಟ್ಟವ್ರೆ. ಸಕ್ಕರೆ ಕಾಯಿಲೆಗೆ ಹೊಸಾ ಮಾತ್ರೆಯಂತೆ. ನಮ್ಗೆ ಕೊಟ್ಟು ಪರೀಕ್ಷೆ ಮಾಡ್ತಾರಂತೆ. ರುಜು ಹಾಕ್ಬೋದಾ?"

ಕಾಗದ ನಾಲ್ಕು ಪುಟವಿತ್ತು. ಅಷ್ಟೂ ಇಂಗ್ಲಿಷಿನಲ್ಲಿತ್ತು. ಅಲ್ಲೇ ನಿಂತಿದ್ದ ಒಬ್ಬರು, "ಇಲಿಗೆ ಮಾಡೋದ ನಿನ್ಗೆ ಮಾಡ್ತಾರೆ, ಹರಿದಾಕು" ಎಂದರು. ಇನ್ನೊಬ್ಬರು, "ಪುಕ್ಕಟೆ ಮಾತ್ರೆ ಬತ್ತದೆ, ಸುಮ್ನೆ ರುಜು ಹಾಕು" ಎಂದರು. ಈ ಎರಡು ಸಲಹೆಗಳೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಅದೇಕೆಂದು ಬೆಳೆಗಾರರ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಪ್ರಯೋಗದ ತಾಕು ನಮಗೆ ಹೊಸದಲ್ಲ

ವೈದ್ಯಕೀಯ ಪ್ರಯೋಗವೆಂದರೆ ಏನೋ ಗುಟ್ಟಿನ ಕೆಲಸವೆಂದು ನಮ್ಮ ಜನ ತಿಳಿದಿದ್ದಾರೆ. ನಿಜವಾಗಿ ನೋಡಿದರೆ ಅದರ ತತ್ವ ರೈತನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಮಂಡ್ಯದ ವಿ.ಸಿ. ಫಾರಂಗೆ ಹೋದವರೆಲ್ಲ ಪ್ರಯೋಗದ ತಾಕುಗಳನ್ನು ಕಂಡಿದ್ದಾರೆ. ಒಂದು ತಾಕಿಗೆ ಹೊಸ ಗೊಬ್ಬರ, ಪಕ್ಕದ ತಾಕಿಗೆ ಹಳೆಯ ಪದ್ಧತಿ. ಮಣ್ಣು ಒಂದೇ, ನೀರು ಒಂದೇ, ಬಿತ್ತಿದ ದಿನವೂ ಒಂದೇ. ಯಾವ ತಾಕಿಗೆ ಯಾವ ಉಪಚಾರ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಇಲ್ಲದಿದ್ದರೆ ಫಲವತ್ತಾದ ತಾಕಿಗೇ ಹೊಸ ಗೊಬ್ಬರ ಹಾಕಿ, ಬಂದ ಇಳುವರಿಯೆಲ್ಲ ಗೊಬ್ಬರದ್ದೇ ಎಂದು ಹೇಳಿಬಿಡುವ ಅಪಾಯವಿದೆ.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹಿಡಿಸಿದ್ದೂ ತೋಟಗಳಲ್ಲಿ ಸಿಂಪಡಿಸಿ ನೋಡಿಯೇ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾದದ್ದು ಅವರು ಕೃಷಿ ನಿರ್ದೇಶಕರಾಗಿದ್ದಾಗ. ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ಶ್ರಮವಿದೆ. ಕಾಫಿ ಬೆಳೆಯುವ ಸದಸ್ಯರು ಇಂದಿಗೂ ನೆಚ್ಚಿಕೊಂಡಿರುವ ಎಸ್. 795 ತಳಿ ಬಂದದ್ದು ಆ ಬಾಳೆಹೊನ್ನೂರಿನ ವರ್ಷಗಟ್ಟಲೆ ಪರೀಕ್ಷೆಗಳಿಂದಲೇ. ಯಾರೋ ಹೇಳಿದರೆಂದು ನಾವು ಇಡೀ ತೋಟಕ್ಕೆ ಹೊಸ ಮದ್ದು ಹೊಡೆಯುವುದಿಲ್ಲ. ಹತ್ತು ಮರಕ್ಕೆ ಹೊಡೆದು, ಹತ್ತು ಮರ ಹಾಗೆಯೇ ಬಿಟ್ಟು ನೋಡುತ್ತೇವೆ.

ವೈದ್ಯರು ಮಾಡುವುದೂ ಇದನ್ನೇ. ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದು ಗುಂಪಿಗೆ ಈಗ ರೂಢಿಯಲ್ಲಿರುವ ಔಷಧ, ಅಥವಾ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ. ವ್ಯತ್ಯಾಸ ಒಂದೇ ಒಂದು. ತಾಕಿನಲ್ಲಿ ನಿಂತಿರುವುದು ಮರವಲ್ಲ, ಮನುಷ್ಯ. ಮರವನ್ನು ಒಪ್ಪಿಗೆ ಕೇಳಬೇಕಾಗಿಲ್ಲ, ಮನುಷ್ಯನನ್ನು ಕೇಳಲೇಬೇಕು.

ನಮ್ಮ ನಾಡಿನಲ್ಲೇ ನಡೆದ ಪ್ರಯೋಗಗಳು

ಇಂಥ ಪ್ರಯೋಗಗಳಿಂದ ಹಳ್ಳಿಯವರಿಗೆ ಏನು ಲಾಭ ಎಂದು ಕೇಳುವವರಿಗೆ ಕರ್ನಾಟಕದ್ದೇ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಬೆಳಗಾವಿ ಜಿಲ್ಲೆಯದು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ತಾಯಂದಿರು ಸಾಯುವುದನ್ನು ನಮ್ಮ ಹಿರಿಯರೆಲ್ಲ ಕಂಡಿದ್ದಾರೆ. ಅದನ್ನು ತಡೆಯುವ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ತಿಳಿದವರು ಬೇಕು. ಹಳ್ಳಿಮನೆಯ ಹೆರಿಗೆಯಲ್ಲಿ ಎರಡೂ ಸಿಗುತ್ತಿರಲಿಲ್ಲ. 2002ರಿಂದ 2005ರವರೆಗೆ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 1620 ತಾಯಂದಿರ ಒಪ್ಪಿಗೆ ಪಡೆದು, ಮಿಸೊಪ್ರೊಸ್ಟಾಲ್ ಎಂಬ ನುಂಗುವ ಮಾತ್ರೆಯನ್ನು ಪರೀಕ್ಷಿಸಿದರು. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ನಮ್ಮ ಊರಿಗೆ ಬರುವಂಥ ಸಹಾಯಕ ದಾದಿಯರು. ಮದ್ದಿಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚಿನ ರಕ್ತಸ್ರಾವವಾಯಿತು. ಔಷಧ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಗಳ ತಾಯಂದಿರು ಕೊಟ್ಟ ಸಾಕ್ಷ್ಯ ಬೇರೆ ಬೇರೆ ದೇಶಗಳ ಬಡ ತಾಯಂದಿರ ಜೀವಕ್ಕೆ ಆಧಾರವಾಯಿತು.

ಎರಡನೆಯದು ನಮ್ಮ ನೆರೆಯದೇ. ಮಳವಳ್ಳಿಯಿಂದ ಸತ್ತೇಗಾಲದ ಸೇತುವೆ ದಾಟಿದರೆ ಚಾಮರಾಜನಗರ ಜಿಲ್ಲೆ. ಅಲ್ಲಿ 55 ಹಳ್ಳಿಗಳಲ್ಲಿ, ಐದು ವರ್ಷದೊಳಗಿನ ರಕ್ತಹೀನತೆಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಹೊಸ ಔಷಧವೇನೂ ಇಲ್ಲ, ಎಲ್ಲ ಮಕ್ಕಳಿಗೂ ಅದೇ ಕಬ್ಬಿಣಾಂಶದ ಔಷಧ. ಅರ್ಧದಷ್ಟು ಹಳ್ಳಿಗಳಲ್ಲಿ ಮಾತ್ರ ಊರಿನ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ತಾಯಂದಿರ ಜೊತೆ ಕುಳಿತು, ಔಷಧ ಏಕೆ ಬಿಡಬಾರದು, ಮಗುವಿಗೆ ಏನು ತಿನ್ನಿಸಬೇಕು ಎಂದು ತಿಳಿಹೇಳಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಗೆ ತಿಳಿಹೇಳಿದ ಹಳ್ಳಿಗಳಲ್ಲಿ ನೂರಕ್ಕೆ 55ರಷ್ಟು ಮಕ್ಕಳು ಗುಣವಾದರು, ಉಳಿದ ಹಳ್ಳಿಗಳಲ್ಲಿ 41ರಷ್ಟು. ಮಾತಿಗೂ ಮದ್ದಿನಷ್ಟೇ ಬೆಲೆಯುಂಟೆಂದು ಅಂಕಿ ಅಂಶದ ಸಮೇತ ಗೊತ್ತಾದದ್ದು ಹೀಗೆ.

ಮೂರನೆಯದು ಬೆಂಗಳೂರಿನದು. ಬಸುರಿಯರಿಗೆ ದಿನಕ್ಕೆ 1500 ಮಿಲಿಗ್ರಾಂ ಸುಣ್ಣದಂಶ ಕೊಟ್ಟರೆ ರಕ್ತದೊತ್ತಡದ ತೊಂದರೆ ತಪ್ಪುತ್ತದೆಂದು ಹೇಳುತ್ತಿದ್ದರು. ಅಂದರೆ ದಿನಕ್ಕೆ ಮೂರು ದಪ್ಪ ಮಾತ್ರೆ. ಎಷ್ಟು ಜನ ನುಂಗುತ್ತಾರೆ? ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲ ಬಸುರಿಯರಾದ 11,000 ಮಂದಿಯಲ್ಲಿ 500 ಮಿಲಿಗ್ರಾಂ ಸಾಕೇ ಎಂದು ಪರೀಕ್ಷಿಸಿದರು. 500 ಕೊಟ್ಟವರಲ್ಲಿ ನೂರಕ್ಕೆ 3.3 ಮಂದಿಗೆ, 1500 ಕೊಟ್ಟವರಲ್ಲಿ 3.6 ಮಂದಿಗೆ ಆ ತೊಂದರೆ ಬಂದಿತು. ಒಂದು ಮಾತ್ರೆ ಮೂರಕ್ಕೆ ಸಮ ಎಂದು 2024ರ ಆರಂಭದಲ್ಲಿ ತಿಳಿಯಿತು. ಖರ್ಚೂ ಉಳಿಯಿತು, ನುಂಗುವ ಕಷ್ಟವೂ ಉಳಿಯಿತು.

ಎಲ್ಲ ಪ್ರಯೋಗಗಳೂ ಬಯಸಿದ ಫಲ ಕೊಡುತ್ತವೆಂದಲ್ಲ. ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3959 ರೋಗಿಗಳ ನಡುವೆ ಯೋಗದ ಉಪಯೋಗವನ್ನು ಪರೀಕ್ಷಿಸಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ, ಯೋಗ ಮಾಡಿದವರು ತಮ್ಮ ಆರೋಗ್ಯ ಸುಧಾರಿಸಿದೆ, ಹಿಂದಿನ ಕೆಲಸಕ್ಕೆ ಮರಳಲಾಯಿತು ಎಂದರು. ಆದರೆ ಸಾವು ಅಥವಾ ಮತ್ತೆ ಹೃದಯಾಘಾತ ಖಚಿತವಾಗಿ ಕಡಿಮೆಯಾಯಿತೆಂದು ಹೇಳಲಾಗಲಿಲ್ಲ. ಬಂದದ್ದನ್ನು ಬಂದಂತೆ ಹೇಳುವುದೇ ಒಳ್ಳೆಯ ಪ್ರಯೋಗದ ಲಕ್ಷಣ.

ಅನುಮಾನಕ್ಕೂ ಕಾರಣವಿದೆ

ಹಾಗಾದರೆ "ಹರಿದಾಕು" ಎಂದವರ ಮಾತಿನಲ್ಲಿ ಹುರುಳೇ ಇಲ್ಲವೇ? ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಹಾಕಿ ನೋಡುವ ಯೋಜನೆ ನಡೆಯಿತು. ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಯೋಜನೆ ನಿಂತಿತು. ಸಾವಿಗೆ ಲಸಿಕೆ ಕಾರಣವೆಂದು ಸರ್ಕಾರದ ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ಮಾತ್ರ ನಾಚಿಕೆಗೇಡಾಗಿತ್ತು. ತಂದೆ ತಾಯಿ ಹಾಕಬೇಕಾದ ರುಜುವನ್ನು ಎಷ್ಟೋ ಕಡೆ ಹಾಸ್ಟೆಲಿನ ವಾರ್ಡನ್ನುಗಳು ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿಯೇ ಇದನ್ನು ಕಟುವಾಗಿ ಖಂಡಿಸಿತು.

ಮದ್ದಿನಲ್ಲಿ ದೋಷವಿಲ್ಲದಿದ್ದರೂ ಕೇಳದೆ ಹಾಕಿದರೆ ಅದು ದೋಷವೇ. ಇಂಥ ಪ್ರಕರಣಗಳ ಮೇಲೆ ಕೂಗೆದ್ದು, ನ್ಯಾಯಾಲಯಗಳ ತನಕ ಹೋಗಿ, ಕಾನೂನು ಬಿಗಿಯಾಯಿತು. 2019ರ ಮಾರ್ಚಿನಲ್ಲಿ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳು ಜಾರಿಗೆ ಬಂದವು. ಆದ್ದರಿಂದ ರುಜು ಹಾಕುವ ಮೊದಲು ನಮ್ಮ ಸದಸ್ಯರು ಈ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಬೇಕು:

1. ಈ ಕಾಗದ ಕನ್ನಡದಲ್ಲಿ ಎಲ್ಲಿ? ಅರ್ಥವಾಗುವ ಭಾಷೆಯಲ್ಲಿ ವಿವರ ಕೊಡುವುದು ಅವರ ಕರ್ತವ್ಯ. ಓದಲು ಬಾರದವರಿಗೆ ಓದಿ ಹೇಳುವಾಗ, ಪ್ರಯೋಗಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಇರಬೇಕು. ಒಂದು ಪ್ರತಿ ನಮ್ಮ ಕೈಗೆ ಬರಬೇಕು.

2. ಇದು ನೋಂದಣಿಯಾಗಿದೆಯೇ? 2009ರ ಜೂನ್‌ನಿಂದ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪುಸ್ತಕದಲ್ಲಿ ಸೇರಿಸುವುದು ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಸಿಟ್ಟಾಗಬೇಕಾಗಿಲ್ಲ.

3. ನೈತಿಕ ಸಮಿತಿ ಒಪ್ಪಿದೆಯೇ? ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಇರಬೇಕೆಂದು ನಿಯಮವಿದೆ.

4. ನನಗೆ ಮದ್ದಿಲ್ಲದ ಗುಳಿಗೆ ಬಂದರೆ ಈಗಿನ ಚಿಕಿತ್ಸೆ ನಿಲ್ಲುತ್ತದೆಯೇ?

5. ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು.

6. ನಡುವೆ ಬಿಡಬಹುದೇ? ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಬಿಟ್ಟವರಿಗೆ ಮಾಮೂಲು ಚಿಕಿತ್ಸೆ ತಪ್ಪಿಸುವಂತಿಲ್ಲ.

ಬೀಜದ ಅಂಗಡಿಯಲ್ಲಿ ಚೀಲ ತಿರುಗಿಸಿ ದಿನಾಂಕ ನೋಡುವ ನಾವು, ನಮ್ಮ ದೇಹದ ವಿಷಯದಲ್ಲಿ ಇಷ್ಟು ಕೇಳಲು ಸಂಕೋಚಪಡಬಾರದು.

ಅಡಿಕೆಯ ಮಾತು

ಇನ್ನು ನಮಗೆ ಕಹಿಯಾದ ಮಾತೊಂದನ್ನು ಹೇಳಲೇಬೇಕು. ತಂಬಾಕು ಸೇರಿಸದೆ ಅಗಿದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಂದಿನಿಂದ ಬೆಳೆಗಾರರ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಮನುಷ್ಯರ ಮೇಲೆ ಪ್ರಯೋಗ ಮಾಡಿ ಯಾರು ಸಾಬೀತು ಮಾಡಿದ್ದಾರೆ?"

ಈ ವಾದ ನಿಲ್ಲುವುದಿಲ್ಲ ಬಂಧುಗಳೇ. ಸಾವಿರ ಜನಕ್ಕೆ ಹತ್ತು ವರ್ಷ ಅಡಿಕೆ ತಿನ್ನಿಸಿ, ಎಷ್ಟು ಜನಕ್ಕೆ ಹುಣ್ಣಾಗುತ್ತದೆ ನೋಡೋಣ ಎಂದು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಒಪ್ಪಲೂಬಾರದು. ಹಾನಿಯನ್ನು ತಿಳಿಯಲು ತಿನ್ನುವವರನ್ನೂ ತಿನ್ನದವರನ್ನೂ ಹೋಲಿಸಿ ನೋಡುವುದೊಂದೇ ದಾರಿ. ತಂಬಾಕಿಲ್ಲದೆ ಅಡಿಕೆ ಅಗಿಯುವ ರೂಢಿಯಿರುವ ತೈವಾನಿನಲ್ಲಿ ಹಾಗೆಯೇ ನೋಡಿದ್ದಾರೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ಅಡಿಕೆ ಮತ್ತು ಆರೋಗ್ಯದ ಬಗ್ಗೆ ಹಲವು ಸಂಸ್ಥೆಗಳು ಸೇರಿ ಅಧ್ಯಯನ ನಡೆಸಲು ಕೇಂದ್ರ ಸರ್ಕಾರ ಕ್ರಮ ಕೈಗೊಂಡಿದೆ. ಅದನ್ನು ನಾವು ಸ್ವಾಗತಿಸಬೇಕು. ಆದರೆ ನಮಗೆ ಬೇಕಾದ ಉತ್ತರ ಬಂದರೆ ವಿಜ್ಞಾನ, ಬಾರದಿದ್ದರೆ ಪಿತೂರಿ ಎನ್ನುವ ಬುದ್ಧಿ ಬೇಡ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸುಣ್ಣ ಕಡಿಮೆ ಎಂದು ಬಂದರೆ ಚೀಟಿ ಹರಿಯುತ್ತೇವೆಯೇ?

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ದೊಡ್ಡ ಪ್ರಯೋಗವೊಂದು ನಡೆಯಿತು. ಹದಿಮೂರು ಪ್ರದೇಶಗಳಲ್ಲಿ ಏಳನ್ನು ಆರಿಸಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. ಯಂತ್ರವಿಲ್ಲ, ಸೂಜಿಯಿಲ್ಲ, ಬೆಳಕು ಮತ್ತು ಕಣ್ಣು ಅಷ್ಟೇ. ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಫಲಿತಾಂಶ ಹೊರಬಿತ್ತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು.

ಅಡಿಕೆ ಬೆಳೆಯುವವರು ನಾವು. ಸುಲಿಯುತ್ತ, ಬೇಯಿಸುತ್ತ ಬಾಯಿಗೆ ಹಾಕಿಕೊಳ್ಳುವವರೂ ನಾವು ಮತ್ತು ನಮ್ಮ ಆಳುಗಳು. ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಿಂದರೆ ಉರಿ ಕಂಡವರು ನಾಳೆ ಎನ್ನದೆ ತೋರಿಸಿಕೊಳ್ಳಬೇಕು. ಇದರಿಂದ ಬೆಳೆಗೆ ಕೆಟ್ಟ ಹೆಸರು ಬರುತ್ತದೆಂದು ಮುಚ್ಚಿಟ್ಟರೆ, ಬೆಳೆ ಉಳಿದೀತು, ಬೆಳೆಗಾರ ಉಳಿಯುವುದಿಲ್ಲ.

ಸಂಘ ಏನು ಮಾಡಬಹುದು

ನನ್ನ ಸಲಹೆ ಮೂರು. ಒಂದು, ವರ್ಷಕ್ಕೊಂದು ದಿನ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಸದಸ್ಯರಿಗೂ ಕೂಲಿಯವರಿಗೂ ಬಾಯಿ ತಪಾಸಣೆ ಏರ್ಪಡಿಸುವುದು. ಎರಡು, ಇಂಥ ಒಪ್ಪಿಗೆ ಕಾಗದ ಹಿಡಿದು ಬಂದವರಿಗೆ ಓದಿ ಹೇಳಲು ಸಂಘದ ಕಚೇರಿಯಲ್ಲಿ ತಿಳಿದವರೊಬ್ಬರನ್ನು ಗೊತ್ತುಮಾಡುವುದು. ಮೂರು, ವೈದ್ಯಕೀಯ ಕಾಲೇಜುಗಳಿಗೆ ನಾವೇ ಪತ್ರ ಬರೆದು ನಮ್ಮ ಪ್ರಶ್ನೆಗಳನ್ನು ಮುಂದಿಡುವುದು. ಮರ ಹತ್ತುವವರ ಸೊಂಟ ಮತ್ತು ಮಂಡಿ ನೋವಿಗೆ ಯಾವುದು ನಿಜವಾಗಿ ಗುಣಕಾರಿ? ಮದ್ದು ಸಿಂಪಡಿಸುವವರು ಬಿಸಿಲಿನಲ್ಲೂ ತೊಡಬಹುದಾದ ರಕ್ಷಣೆ ಯಾವುದು? ಔಷಧ ಕಂಪನಿಗಳಿಗೆ ಇದರಲ್ಲಿ ಲಾಭವಿಲ್ಲ. ನಾವು ಕೇಳದಿದ್ದರೆ ಈ ಪ್ರಶ್ನೆಗಳನ್ನು ಯಾರೂ ಪರೀಕ್ಷಿಸಲಾರರು.

ಮಳವಳ್ಳಿಯ ಆ ಸದಸ್ಯರು ಮರುವಾರ ಆಸ್ಪತ್ರೆಗೆ ಹೋಗಿ ಕನ್ನಡದ ಕಾಗದ ಕೇಳಿದರು. ಎರಡು ಸಲ ತಿರುಗಾಡಿಸಿದ ಮೇಲೆ ಕೊಟ್ಟರು. ಮನೆಗೆ ತಂದು ಮಗಳ ಕೈಲಿ ಓದಿಸಿಕೊಂಡು, ಹೆಂಡತಿಯ ಜೊತೆ ವಿಚಾರ ಮಾಡಿದರು. ಕೊನೆಗೆ ಸೇರಿದರೋ ಬಿಟ್ಟರೋ ನಾನು ಕೇಳಲಿಲ್ಲ. ಅದು ಅವರ ಸ್ವಂತ ತೀರ್ಮಾನ. ತಿಳಿದು ಮಾಡಿದ ತೀರ್ಮಾನವಾದರೆ ಅಷ್ಟೇ ಸಾಕು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಕೋರುತ್ತೇನೆ. ಒಪ್ಪದವರು ದಯವಿಟ್ಟು ಪತ್ರಿಕೆಗೆ ಬರೆಯಬೇಕು.