ಹರಾಜಿಗೆ ನಿಂತ ಗಂಡು, ಅಂಗಳ ಬಿಟ್ಟ ಹೆಣ್ಣು

ಗಂಡಿಗೆ ಬೆಲೆ ಕಟ್ಟುವುದು ನಮ್ಮ ಚನ್ನಪಟ್ಟಣದ ಸೀಮೆಗೆ ಹೊಸದಲ್ಲ. ಪೊಲೀಸ್ ಕೆಲಸದವನಿಗೆ ಇಷ್ಟು, ಎಂಜಿನಿಯರಿಗೆ ಇಷ್ಟು, ರಸ್ತೆ ಬದಿಯಲ್ಲಿ ಎರಡೆಕರೆ ತೆಂಗಿನ ತೋಟ ಇರುವವನಿಗೆ ಇಷ್ಟು ಎಂದು ಪಡಸಾಲೆಯಲ್ಲಿ ಕೂತ ಹಿರಿಯರು ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಇದನ್ನು ಯಾರೂ ಹರಾಜು ಎನ್ನುವುದಿಲ್ಲ, ‘ಮಾತುಕತೆ’ ಎನ್ನುತ್ತಾರೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಗಂಡಿನ ಹರಾಜು ಎಂಬುದನ್ನು ಅದರ ಹೆಸರಿನಿಂದಲೇ ಕರೆದು ನೋಡುವ ಭಾಗ್ಯ ನಮಗೆ ಬಂತು. ಆ ವರ್ಷ ಎಲ್ಲರಿಗಿಂತ ಹೆಚ್ಚು ಬೆಲೆ ರಾಕೇಶ್ ಕುಮಾರ್ ಅವರಿಗೆ, 12 ಲಕ್ಷ 80 ಸಾವಿರ ರೂಪಾಯಿ. 2018ರಲ್ಲಿ ಮೋನು ಗೋಯತ್ 1 ಕೋಟಿ 51 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷ ದಾಟಿದರು.

ನನ್ನ ಜಗಳ ಈ ಆಟಗಾರರೊಂದಿಗಲ್ಲ. ಅವರು ಮೊಣಕಾಲು, ಭುಜ, ಕತ್ತು ಒಡ್ಡಿ ದುಡಿಯುವವರು. ಆ ದುಡಿಮೆಗೂ ಆಯುಸ್ಸು ಕಡಿಮೆ. ಬೆವರಿಗೆ ಹಣ ಸಿಕ್ಕರೆ ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ. ಅದೇ ಆಟ ಆಡುವ ಹೆಣ್ಣಿಗೆ ಈ ಸಂತೆಯಲ್ಲಿ ಎಷ್ಟು ಬೆಲೆ?

ಮಮತಾ ಪೂಜಾರಿಯವರ ಹೆಸರನ್ನು ಕೇಳಿರುತ್ತೀರಿ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ರೈತ ಕುಟುಂಬದ ಮಗಳು. ಆಟದ ಬಲದಿಂದ ದಕ್ಷಿಣ ಮಧ್ಯ ರೈಲ್ವೆಯಲ್ಲಿ ನೌಕರಿ ಪಡೆದರು. ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಗೆ ಮೊದಲ ಬಾರಿ ಜಾಗ ಸಿಕ್ಕಿದ 2010ರಲ್ಲಿ, ಗುವಾಂಗ್‌ಝೌದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿ ಅವರೇ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ. ಆಗ ನಾಯಕಿಯಾಗಿದ್ದವರು ನಮ್ಮ ರಾಜ್ಯದವರೇ ಆದ ತೇಜಸ್ವಿನಿ ಬಾಯಿ. ಗಂಡಸರ ಲೀಗ್ ಹುಟ್ಟಿದ ವರ್ಷದಲ್ಲೇ ನಮ್ಮ ಹೆಣ್ಣುಮಕ್ಕಳು ಏಷ್ಯಾವನ್ನು ಗೆದ್ದಿದ್ದರು ಎಂಬುದನ್ನು ಗಮನಿಸಿ.

ಅವರಿಗೆ ಸಿಕ್ಕಿದ್ದೇನು? 2016ರಲ್ಲಿ ಮೂರೇ ಮೂರು ತಂಡಗಳ ಒಂದು ಮಹಿಳಾ ಪಂದ್ಯಾವಳಿಯನ್ನು ಗಂಡಸರ ಲೀಗಿನ ಬಾಲಕ್ಕೆ ಕಟ್ಟಿದರು. ಒಂದು ತಂಡಕ್ಕೆ ಮಮತಾ ನಾಯಕಿ, ಇನ್ನೊಂದಕ್ಕೆ ತೇಜಸ್ವಿನಿ. ಈ ಇಬ್ಬರ ತಂಡಗಳೇ ಫೈನಲ್‌ನಲ್ಲಿ ಎದುರಾದವು, ತೇಜಸ್ವಿನಿಯವರ ತಂಡ ಒಂದೇ ಒಂದು ಅಂಕದಿಂದ ಗೆದ್ದಿತು. ಇದಕ್ಕಿಂತ ರೋಚಕ ಆಟ ಇನ್ನೇನು ಬೇಕು? ಮರುವರ್ಷ ಲೀಗಿನವರು ಅದನ್ನು ಕೈಬಿಟ್ಟು, ಗಂಡಸರ ತಂಡಗಳನ್ನು ಎಂಟರಿಂದ ಹನ್ನೆರಡಕ್ಕೆ ಏರಿಸಿದರು. ‘ಹೆಂಗಸರ ಆಟ ಯಾರು ನೋಡ್ತಾರೆ’ ಎನ್ನುವವರು, ತೋರಿಸದೆ ಇದ್ದುದನ್ನು ನೋಡುವುದು ಹೇಗೆ ಎಂದೂ ಹೇಳಬೇಕು. ನಿಯಮದ ಪ್ರಕಾರ ಗಂಡಸರ ಅಂಗಳ 13 ಮೀಟರ್ ಉದ್ದ, ಹೆಂಗಸರದು 12. ಅಂಗಳದ ಆಚೆಗಿನ ಅಂತರಕ್ಕೆ ಮಾತ್ರ ಯಾವ ನಿಯಮದ ಅಳತೆಯೂ ಇಲ್ಲ.

ಗೆಳತಿಯರೇ, ಇದಕ್ಕೂ ವರದಕ್ಷಿಣೆಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬ ಹುಡುಗಿ ಇದ್ದಳು. ಶಾಲೆಯಲ್ಲಿದ್ದಾಗಲೇ ಜಿಲ್ಲಾ ತಂಡಕ್ಕೆ ಆಡಿದವಳು, ಎದುರಾಳಿಯ ಕಣಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಕಳಿಸಿ ಎಂದು ನಾವು ನಾಲ್ಕು ಜನ ಅವಳ ಮನೆಗೆ ಹೋದೆವು. ತಾಯಿ ರೇಷ್ಮೆ ನೂಲು ತೆಗೆಯುವ ಕೆಲಸದವರು, ಬಿಸಿನೀರಿನ ಗೂಡಿನಲ್ಲಿ ಅದ್ದಿ ಅದ್ದಿ ಬೆರಳೆಲ್ಲ ಬೆಂದಿದ್ದವು. ‘ಆಡ್ಕೊಂಡು ಕುಂತ್ರೆ ಯಾರು ಕಟ್ಕೋತಾರೆ ಅಕ್ಕಾ? ಕಾಲು ಮುರ್ಕೊಂಡು ಬಂದ್ರೆ ಇನ್ನೆರಡು ಲಕ್ಷ ಜಾಸ್ತಿ ಕೇಳ್ತಾರೆ’ ಎಂದರು. ಆಟದ ಬೂಟಿಗೆ ಹಣವಿಲ್ಲದ ಆ ಮನೆಯಲ್ಲಿ ಬಂಗಾರದ ಚೀಟಿ ಮಾತ್ರ ತಿಂಗಳು ತಪ್ಪದೆ ಕಟ್ಟಿದ್ದರು. ಹತ್ತೊಂಬತ್ತಕ್ಕೆ ಮದುವೆ ಆಯಿತು. ಹುಡುಗನಿಗೆ ಬೈಕು, ಹುಡುಗಿಯ ಮೈಮೇಲೆ ನೂರಿಪ್ಪತ್ತು ಗ್ರಾಂ. ಆ ಹಣದಲ್ಲಿ ಅವಳು ಐದಾರು ವರ್ಷ ತರಬೇತಿ ಪಡೆಯಬಹುದಿತ್ತು. ದಶಕಗಳಿಂದ ರೈಲ್ವೆ ಇಂಥ ಹುಡುಗಿಯರನ್ನು ನೌಕರಿಗೆ ತೆಗೆದುಕೊಳ್ಳುತ್ತಿದೆ, ರಾಷ್ಟ್ರೀಯ ಪಂದ್ಯಗಳಲ್ಲಿ ಅವರ ತಂಡವನ್ನು ಸೋಲಿಸುವುದೇ ಕಷ್ಟ. ತಾಯಿಯನ್ನು ಬಯ್ಯಲು ನನಗೆ ಮನಸ್ಸಿಲ್ಲ, ಅವರು ಹೇಳಿದ ಲೆಕ್ಕ ಈ ಊರಿನದು. ವರದಕ್ಷಿಣೆಯನ್ನು ಹೆಣ್ಣಿನ ಜೊತೆ ಹೋಗುವ ಹಣ ಎನ್ನುತ್ತೇವೆ. ಹೆಣ್ಣು ಹುಟ್ಟಿದ ದಿನದಿಂದ ಅವಳ ಪಾಲಿನ ಓದನ್ನು, ಆಟವನ್ನು, ಊಟವನ್ನೂ ಕತ್ತರಿಸಿ ಕೂಡಿಟ್ಟ ಹಣ ಅದು. 1961ರ ನಿಷೇಧ ಕಾಯ್ದೆ ಕೊಟ್ಟವರನ್ನು, ತೆಗೆದುಕೊಂಡವರನ್ನು ಹಿಡಿಯುತ್ತದೆ. ಈ ಕತ್ತರಿಸುವುದನ್ನು ಹಿಡಿಯುವ ಕಾನೂನು ಎಲ್ಲಿದೆ?

ಇನ್ನೊಂದು ಮಾತೂ ನಮ್ಮವರ ಬಾಯಲ್ಲಿದೆ. ಹೆಣ್ಣು ಗಟ್ಟಿಯಾದರೆ ಏಟು ತಿನ್ನುವುದಿಲ್ಲ, ಕರಾಟೆ ಕಲಿಸಿ ಸಾಕು ಎಂದು. 2023ರಲ್ಲಿ ವಿಶ್ವ ಚಾಂಪಿಯನ್ ಆದ ಬಾಕ್ಸರ್ ಸವೀಟಿ ಬೂರಾ 2025ರಲ್ಲಿ ಹಿಸಾರ್‌ನ ಮಹಿಳಾ ಪೊಲೀಸ್ ಠಾಣೆಗೆ ಹೋಗಿ ವರದಕ್ಷಿಣೆ ಕಿರುಕುಳ, ಹಲ್ಲೆಯ ದೂರು ಕೊಟ್ಟರು. ಗಂಡ ಭಾರತ ಕಬಡ್ಡಿ ತಂಡದ ನಾಯಕರಾಗಿದ್ದವರು. ಅವರು ಆರೋಪವನ್ನು ನಿರಾಕರಿಸಿ ತಾವೂ ದೂರು ಕೊಟ್ಟರು. ನಿಜ ಯಾವುದೆಂದು ತೀರ್ಪು ಕೊಡುವ ಹಕ್ಕು ನನಗಿಲ್ಲ. ನಾನು ಹೇಳುವುದು ಜನ ನಕ್ಕ ಬಗೆಯನ್ನು. ಠಾಣೆಯೊಳಗೆ ಆಕೆ ಗಂಡನ ಮೇಲೆ ಏರಿಹೋದ ದೃಶ್ಯ ಊರೂರು ತಿರುಗಿತು. ‘ಬಾಕ್ಸರಿಗೆ ಯಾರು ಹೊಡೀತಾರೆ?’ ಎಂದು ನಮ್ಮ ಬಸ್ ನಿಲ್ದಾಣದಲ್ಲೂ ನಕ್ಕರು. ಪೆಟ್ಟು ತಿಂದ ಗುರುತು ಮೈಯಲ್ಲಿ ಕಾಣಬೇಕು, ಆದರೆ ಆ ಮೈ ಬಲವಾಗಿರಬಾರದು, ಆಗ ಮಾತ್ರ ದೂರು ನಂಬುತ್ತೇವೆ ಎಂದರೆ ಹೇಗೆ?

ಬಲಶಾಲಿ ಗಂಡಿಗಾದರೋ ನಂಬಿಕೆ ಪುಕ್ಕಟೆ. ಅಮೆರಿಕದ ಫುಟ್‌ಬಾಲ್ ತಾರೆ ಓ. ಜೆ. ಸಿಂಪ್ಸನ್ 1989ರಲ್ಲಿ ಹೆಂಡತಿಯನ್ನು ಹೊಡೆದ ಮೊಕದ್ದಮೆಯಲ್ಲಿ ಆರೋಪವನ್ನು ಪ್ರಶ್ನಿಸದೆ ಒಪ್ಪಿದರೂ ಜೈಲಿಗೆ ಹೋಗಲಿಲ್ಲ, ಟೀವಿಯಿಂದಲೂ ಇಳಿಯಲಿಲ್ಲ. 1994ರಲ್ಲಿ ಆ ಹೊತ್ತಿಗೆ ವಿಚ್ಛೇದನ ಪಡೆದಿದ್ದ ಆಕೆಯ ಕೊಲೆಯಾಯಿತು. 1995ರಲ್ಲಿ ಆತ ಖುಲಾಸೆಯಾದರು, 1997ರಲ್ಲಿ ಸಿವಿಲ್ ನ್ಯಾಯಾಲಯ ಆ ಸಾವಿಗೆ ಆತನೇ ಹೊಣೆ ಎಂದಿತು. ಮೊದಲ ಏಟಿಗೇ ಆ ದೇಶ ಕಣ್ಣು ತೆರೆದಿದ್ದರೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ. ಚಂದಾ ಕೇಳಲು ಹುಡುಗರು ಮನೆಮನೆಗೆ ಬರುತ್ತಾರೆ, ಗೊಂಬೆ ಕಾರ್ಖಾನೆಯಲ್ಲಿ ಅರಗು ಬಳಿದು ದುಡಿಯುವ ಹೆಂಗಸರೂ ಕೊಡುತ್ತಾರೆ. ಈ ಸಲ ನಮ್ಮ ಸಂಘದ ಹದಿನಾರು ಮಂದಿ ಕೊಡಲಿಲ್ಲ. ಹುಡುಗಿಯರ ಪಂದ್ಯ ಇಡಿ, ಬಹುಮಾನದ ಹಣ ಇಬ್ಬರಿಗೂ ಒಂದೇ ಇರಲಿ, ಆಗ ಬನ್ನಿ ಎಂದೆವು. ‘ಕಮಿಟೀಲಿ ಕೇಳ್ತೀವಿ ಅಕ್ಕಾ’ ಎಂದು ರಸೀದಿ ಪುಸ್ತಕ ಮಡಚಿಕೊಂಡು ಹೋದರು. ಇನ್ನೂ ಬಂದಿಲ್ಲ. ನಿಮ್ಮ ಊರಿನಲ್ಲೂ ಕೇಳಿ ನೋಡಿ.