ವಿಷಕ್ಕೆ ಮೊದಲು ಬಡಿಸಿದ ಅನ್ನ

ಪುಣೆ, ಹೈದರಾಬಾದಿನ ಐಟಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಗೊತ್ತು. ಕಂಪನಿ ಹೇಳಿದ್ದನ್ನೆಲ್ಲ ನಂಬುವವನನ್ನು ಕಂಡರೆ ‘ಕೂಲ್-ಏಡ್ ಕುಡಿದಿದ್ದಾನೆ’ ಎಂದು ನಗುತ್ತಾರೆ. ಆ ನಗೆಯ ಹಿಂದೆ ಇರುವುದು 1978ರ ನವೆಂಬರ್ 18ರಂದು ಗಯಾನಾದ ಕಾಡಿನ ನಡುವೆ, ಜೋನ್ಸ್‌ಟೌನ್‌ನಲ್ಲಿ ಬಿದ್ದ 909 ಹೆಣಗಳು. ಅವರಲ್ಲಿ ಸುಮಾರು 300 ಮಂದಿ ಮಕ್ಕಳು. ಸಯನೈಡ್ ಬೆರೆಸಿದ ಶರಬತ್ತನ್ನು ಕೂಸುಗಳ ಬಾಯಿಗೆ ಸಿರಿಂಜಿನಲ್ಲಿ ಹಾಕಿದ್ದರು. ಸುತ್ತ ಬಂದೂಕು ಹಿಡಿದ ಕಾವಲಿನವರಿದ್ದರು. ಇಂಥ ಸಾವನ್ನು ಗೇಲಿಯ ಮಾತಾಗಿಸಬೇಕಾದರೆ ಸತ್ತವರು ಪೆದ್ದರು, ನಾವು ಜಾಣರು ಎಂಬ ನಂಬಿಕೆ ಮೊದಲು ಗಟ್ಟಿಯಾಗಿರಬೇಕು. ಕಲ್ಟ್‌ಗಳ ಕುರಿತ ಥ್ರಿಲ್ಲರ್, ಹಾರರ್ ಸಿನಿಮಾಗಳಲ್ಲಿ ಬಹುಪಾಲು ಮಾರುವುದು ಈ ನಂಬಿಕೆಯನ್ನೇ.

ಅವುಗಳ ಅಡುಗೆ ಒಂದೇ. ಹೊರಗಿನವನೊಬ್ಬ ದೂರದ ಊರಿಗೆ ಬರುತ್ತಾನೆ. ಎಲ್ಲರೂ ಅತಿಯಾಗಿ ನಗುತ್ತಾರೆ, ಹಾಡುತ್ತಾರೆ. ಕೊನೆಗೆ ಬೆಂಕಿ. 1973ರ ‘ದಿ ವಿಕರ್ ಮ್ಯಾನ್’ ಇದನ್ನು ಸೊಗಸಾಗಿ ಮಾಡಿತು. ಬೆಳೆ ಕೈಕೊಟ್ಟ ದ್ವೀಪದ ಜನ ಬಲಿಗೆ ಮುಂದಾಗುವುದಕ್ಕೆ ಅಲ್ಲಿ ಒಂದು ಕಾರಣವಾದರೂ ಇತ್ತು. ಆಮೇಲೆ ಬಂದವರು ಬೆಂಕಿಯನ್ನು ತೆಗೆದುಕೊಂಡರು, ಬೆಳೆಯನ್ನು ಮರೆತರು.

ಜೋನ್ಸ್‌ಟೌನನ್ನೇ ಮಾದರಿಯಾಗಿಟ್ಟುಕೊಂಡ ‘ದಿ ಸ್ಯಾಕ್ರಮೆಂಟ್’ (2013) ನೋಡಿ. ಕ್ಯಾಮೆರಾ ಉದ್ದಕ್ಕೂ ಇರುವುದು ಹೊರಗಿನಿಂದ ಬಂದ ಮೂವರು ಯುವಕರ ಜೊತೆ. ಅವರು ತಪ್ಪಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದೇ ನಮ್ಮ ಆತಂಕ. ಸಾಯುವ ನೂರಾರು ಜನ ಹಿನ್ನೆಲೆಯ ಪರದೆ.

ನಿಜವಾದ ಕಥೆ ಹಾಗಿರಲಿಲ್ಲ. ಜಿಮ್ ಜೋನ್ಸ್‌ನ ಪೀಪಲ್ಸ್ ಟೆಂಪಲ್ ಶುರುವಾಗಿದ್ದು 1950ರ ದಶಕದ ಇಂಡಿಯಾನಾಪೊಲಿಸ್‌ನಲ್ಲಿ. ಕರಿಯರು, ಬಿಳಿಯರು ಒಂದೇ ಬೆಂಚಿನಲ್ಲಿ ಕೂರುವುದು ಅಪರೂಪವಾಗಿದ್ದ ಕಾಲದಲ್ಲಿ ಅಲ್ಲಿ ಒಟ್ಟಿಗೆ ಕೂರುತ್ತಿದ್ದರು. ಹಸಿದವರಿಗೆ ಊಟವಿತ್ತು, ಮುದುಕರಿಗೆ ಆಸರೆಯಿತ್ತು. ಸ್ಯಾನ್‌ಫ್ರಾನ್ಸಿಸ್ಕೊ ನಗರ 1977ರಲ್ಲಿ ಜೋನ್ಸ್‌ನನ್ನು ತನ್ನ ವಸತಿ ಪ್ರಾಧಿಕಾರದ ಅಧ್ಯಕ್ಷನನ್ನಾಗಿ ಮಾಡಿತ್ತು. ಅಂದರೆ ಅವನನ್ನು ನಂಬಿದವರು ಬಡವರಷ್ಟೇ ಅಲ್ಲ. ಸತ್ತವರಲ್ಲಿ ಹೆಚ್ಚಿನವರು ಕರಿಯರು. ಬೇರೆಲ್ಲೂ ಸಿಗದ ಮರ್ಯಾದೆಗಾಗಿ ಹೋದವರು. ಆಮೇಲೆ ಒಂದೊಂದಾಗಿ ಕೈಬಿಟ್ಟಿತು: ಮನೆ, ಪಿಂಚಣಿ, ಪಾಸ್‌ಪೋರ್ಟ್, ನಿದ್ದೆ. ಕೊನೆಯ ದಿನವೂ ಕ್ರಿಸ್ಟೀನ್ ಮಿಲ್ಲರ್ ಎಂಬ ಮಹಿಳೆ ಎದ್ದುನಿಂತು, ಮಕ್ಕಳಿಗೆ ಬದುಕುವ ಹಕ್ಕಿದೆ ಎಂದು ವಾದಿಸಿದ್ದು ಧ್ವನಿಮುದ್ರಣದಲ್ಲಿದೆ. ಸುತ್ತಲಿದ್ದವರೇ ಕೂಗಿ ಅವಳ ಬಾಯಿ ಮುಚ್ಚಿಸಿದರು. ಇದಕ್ಕಿಂತ ಭೀಕರ ದೃಶ್ಯವನ್ನು ಯಾವ ಹಾರರ್ ನಿರ್ದೇಶಕ ಬರೆದಿದ್ದಾನೆ?

ಆರಿ ಆಸ್ಟರ್‌ನ ‘ಮಿಡ್‌ಸಮ್ಮರ್’ (2019) ಸತ್ಯದ ಬಾಗಿಲವರೆಗೆ ಬರುತ್ತದೆ. ಮನೆಯವರನ್ನೆಲ್ಲ ಕಳೆದುಕೊಂಡ ಡ್ಯಾನಿಯ ದುಃಖ ಪ್ರಿಯಕರನಿಗೆ ಹೊರೆ. ಆ ಸ್ವೀಡಿಷ್ ಹಳ್ಳಿಯ ಹೆಂಗಸರು ಮಾತ್ರ ಅವಳ ಜೊತೆ ಕೂತು, ಅವಳ ಉಸಿರಿಗೆ ಉಸಿರು ಸೇರಿಸಿ ಅಳುತ್ತಾರೆ. ಜನ ಇಂಥ ಗುಂಪು ಸೇರುವುದು ಹೀಗೆಯೇ. ಆದರೆ ಸಿನಿಮಾ ಅಲ್ಲಿ ನಿಲ್ಲುವುದಿಲ್ಲ. ಹೂವು, ಕರಡಿಯ ಚರ್ಮ, ಹಳದಿ ಗುಡಿಯ ಚೆಂದದಲ್ಲಿ ಆ ಹೆಂಗಸರು ಮತ್ತೆ ಬರೀ ವಿಚಿತ್ರ ಪ್ರಾಣಿಗಳಾಗುತ್ತಾರೆ.

ನಮ್ಮಲ್ಲಿ ಪ್ರಕಾಶ್ ಝಾರ ‘ಆಶ್ರಮ್’ ಸರಣಿ (2020) ಮೊದಲ ಹೆಜ್ಜೆಯನ್ನು ಸರಿಯಾಗಿಯೇ ಇಟ್ಟಿತ್ತು. ದಲಿತರ ಮದುವೆ ಮೆರವಣಿಗೆಯನ್ನು ಮೇಲ್ಜಾತಿಯವರು ತಡೆದಾಗ ಪರವಾಗಿ ನಿಲ್ಲುವವನು ಬಾಬಾ. ಕುಸ್ತಿಪಟು ಪಮ್ಮಿ ಅವನ ಭಕ್ತೆಯಾಗುವುದು ಮೂಢತನದಿಂದಲ್ಲ, ಕಂಡ ನ್ಯಾಯದಿಂದ. ಮುಂದೆ ಸರಣಿಗೆ ಆ ನ್ಯಾಯದ ಹಸಿವಿಗಿಂತ ಬಾಬಾನ ಶಯನಗೃಹವೇ ರುಚಿಸಿತು.

ಹಾರರ್ ಸಿನಿಮಾ ಹೆದರಿಸಲಿಕ್ಕೆ ಇರುವುದು, ಸಮಾಜಶಾಸ್ತ್ರದ ಪಾಠ ಹೇಳಲಿಕ್ಕಲ್ಲ ಎನ್ನುವವರಿದ್ದಾರೆ. ಸರಿ, ಹೆದರಿಸಲಿ. ಶಾನ್ ಡರ್ಕಿನ್‌ನ ‘ಮಾರ್ಥಾ ಮಾರ್ಸಿ ಮೇ ಮಾರ್ಲೀನ್’ (2011) ಮುಖವಾಡವಿಲ್ಲದೆ ಹೆದರಿಸುತ್ತದೆ. ಹೊಲದ ಕೆಲಸ, ಹಂಚಿಕೊಂಡ ಬಟ್ಟೆ, ಪ್ರೀತಿಯಿಂದ ಇಟ್ಟ ಹೊಸ ಹೆಸರು. ನಾಯಕನಿಂದ ಅತ್ಯಾಚಾರಕ್ಕೊಳಗಾದ ಮಾರ್ಥಾಳೇ ಮುಂದೆ ಹೊಸ ಹುಡುಗಿಯೊಬ್ಬಳನ್ನು ಅದೇ ರಾತ್ರಿಗೆ ಸಿದ್ಧಗೊಳಿಸುತ್ತಾಳೆ, ಅದೂ ಅಕ್ಕರೆಯಿಂದ. ಅಲ್ಲಿಂದ ಓಡಿ ಅಕ್ಕನ ಮನೆ ಸೇರಿದ ಮೇಲೂ ನಡೆದದ್ದು ಬಾಯಿಗೆ ಬರುವುದಿಲ್ಲ. ನೋಡುವವರಿಗೆ ‘ನಾನಾಗಿದ್ದರೆ ಮೋಸಹೋಗುತ್ತಿರಲಿಲ್ಲ’ ಎನ್ನಲು ಧೈರ್ಯ ಸಾಲದು.

ಆ ಧೈರ್ಯವನ್ನು ಕಸಿಯುವುದೇ ಈ ಬಗೆಯ ಸಿನಿಮಾದ ಕೆಲಸ. ಕಲ್ಟ್ ಎಂದರೆ ಕಾಡು, ಬಿಳಿಯಂಗಿ, ಬಲಿ ಎಂದು ಕಲಿತವನಿಗೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಸೇರುವ, ಊಟ ಹಾಕುವ, ಮೆಲ್ಲಗೆ ಸಂಬಳ ಕೇಳುವ, ಅಮ್ಮನಿಗೆ ಫೋನ್ ಮಾಡುವುದನ್ನು ಬಿಡಿಸುವ ಗುಂಪು ಕಲ್ಟ್ ಎಂದು ಹೊಳೆಯುವುದೇ ಇಲ್ಲ. ಊರು ಬಿಟ್ಟು ಬಂದು, ಒಂಟಿಯಾಗಿ ರೂಮು ಮಾಡಿಕೊಂಡಿರುವ ನಮ್ಮ ಹುಡುಗ ಹುಡುಗಿಯರಿಗೆ ಎದುರಾಗುವುದು ಈ ಎರಡನೆಯದು. ನಿರ್ದೇಶಕರೇ, ವಿಷದ ಪಾತ್ರೆಯನ್ನು ಸಾಕಷ್ಟು ತೋರಿಸಿದ್ದೀರಿ. ಅದಕ್ಕೆ ಮೊದಲು ವರ್ಷಗಟ್ಟಲೆ ಬಡಿಸಿದ ಅನ್ನವನ್ನು ಈಗ ತೋರಿಸಿ.